ಹೊರಬೀಡಿನ ಕಲ್ಲು

ನನ್ನ ತವರು ಹುಕ್ಕೇರಿ ಕಡೆಯ ಒಂದು ಹಳ್ಳಿ. ಮದುವೆಯಾಗಿ ಈ ಬನ್ನಿಗಿಡದ ವಸ್ತಿಗೆ ಬಂದ ಮೇಲೆ ನನಗೆ ಗೊತ್ತಾದ ಮೊದಲ ಸಂಗತಿ ಎಂದರೆ, ನಾನು ಸೊಸೆಯಾಗಿ ಬಂದ ಊರು ಇಲ್ಲವೇ ಇಲ್ಲ ಎಂಬುದು. ಮನೆಗಳಿದ್ದವು, ಎಮ್ಮೆಗಳಿದ್ದವು, ಸೆರಗು ಸಿಕ್ಕಿಸಿ ಜಗಳಕ್ಕೆ ನಿಲ್ಲುವ ನೆಗೆಣ್ಣಿಯರಿದ್ದರು. ಕಾಗದದ ಮೇಲೆ ಮಾತ್ರ ಊರು ಇರಲಿಲ್ಲ. ನಾವೆಲ್ಲ ಯಾವುದೋ ಸರ್ವೇ ನಂಬರಿನ ಕಬ್ಬಿನ ಹೊಲದಲ್ಲಿ ಇದ್ದೆವು. ಸರ್ಕಾರದ ಕಣ್ಣಿಗೆ ನಮ್ಮ ಅಡುಗೆಮನೆಯೂ ಕಬ್ಬೇ, ಬಚ್ಚಲೂ ಕಬ್ಬೇ.

ಹಿಂದೆ ಗೋಕಾಕ ತಾಲೂಕಿನಲ್ಲಿದ್ದೆವಂತೆ. ಮೂಡಲಗಿ ತಾಲೂಕಾದಾಗ ನಮ್ಮನ್ನು ಅತ್ತ ಹಾಕಿದರು. ಜಮೀನಿನ ಹಳೆಯ ಉತಾರ ಬೇಕೆಂದರೆ ಇವತ್ತಿಗೂ ಗೋಕಾಕದ ಬಸ್ಸು ಹತ್ತಬೇಕು. ಪಂಚಾಯ್ತಿ ಹಳ್ಳದಾಚೆಯ ಊರಿನಲ್ಲಿ, ಅದನ್ನು ನಾವು ದೊಡ್ಡೂರು ಎನ್ನುತ್ತೇವೆ. ದೊಡ್ಡೂರಿನವರು ನಮ್ಮನ್ನು ‘ತ್ವಾಟದವ್ರು’ ಎನ್ನುತ್ತಾರೆ, ಅದೂ ಮೂಗು ಮುರಿದು.

ಹೋದ ಚುನಾವಣೆಯಲ್ಲಿ ನಮ್ಮ ವಾರ್ಡು ಮಹಿಳೆಗೆ ಮೀಸಲಾಯಿತು. ನನ್ನ ಗಂಡ ಬಾಳೇಶನಿಗೆ ನಿಲ್ಲಲು ಬರಲಿಲ್ಲ, ನನ್ನನ್ನು ನಿಲ್ಲಿಸಿದರು. ಗೆದ್ದವಳು ನಾನು, ಜನ ‘ಮೆಂಬರ್ರ’ ಎಂದು ಕರೆಯುವುದು ಅವನನ್ನು. ಮೊದಲ ಸಭೆಗೆ ಇಸ್ತ್ರಿ ಅಂಗಿ ಹಾಕಿಕೊಂಡು ಅವನೂ ಹೊರಟು ನಿಂತಿದ್ದ. ಎಮ್ಮೆ ಹಿಂಡುವವರು ಯಾರು ಎಂದು ಕೇಳಿ, ಅವನನ್ನು ಕೊಟ್ಟಿಗೆಯಲ್ಲಿ ಬಿಟ್ಟು ನಾನೊಬ್ಬಳೇ ಹೋದೆ. ಆ ಸಭೆಯಲ್ಲಿ ನಾನು ಕೇಳಿದ್ದು ಒಂದೇ ಮಾತು. ನಮ್ಮ ವಸ್ತಿ ಕಂದಾಯ ಗ್ರಾಮ ಆಗಬೇಕು.

ಕಂದಾಯ ಗ್ರಾಮ ಆದರೆ ಊರಿಗೆ ಸ್ವಂತ ಹೆಸರು ಬರುತ್ತದೆ, ನಕಾಶೆ ಬರುತ್ತದೆ, ಯಾರದೋ ನೆಲದ ಮೇಲೆ ಮನೆ ಕಟ್ಟಿಕೊಂಡು ಕೂತವರಿಗೆ ಹಕ್ಕುಪತ್ರ ಬರುತ್ತದೆ. ಅದು ಎಲ್ಲರಿಗಿಂತ ಜರೂರಾಗಿ ಬೇಕಾಗಿದ್ದು ಗುಡ್ಡವ್ವ ಆಯಿಗೆ. ಆಕೆಯ ಓಣಿ ವಸ್ತಿಯ ಮೂಡಣ ತುದಿಯಲ್ಲಿ, ಡಾಂಬರು ರಸ್ತೆಯಿಂದ ಬರುವಾಗ ಮೊದಲು ಸಿಗುತ್ತದೆ. ಅಲ್ಲಿಯವರು ಎರಡು ತಲೆಮಾರಿನಿಂದ ಬೌದ್ಧರು. ಎಲ್ಲರ ಪಡಸಾಲೆಯಲ್ಲೂ ಬುದ್ಧ ಮತ್ತು ಬಾಬಾಸಾಹೇಬರ ಫೋಟೋ. ಗುಡ್ಡವ್ವನ ಮೊಮ್ಮಗಳು ದೀಪಾ ಘಟಪ್ರಭಾದಲ್ಲಿ ನರ್ಸು. ಓಣಿಯ ಕೆಳಗಿನ ನೆಲ ಹಳೆಯ ಧಣಿಯ ಹೆಸರಿನಲ್ಲಿತ್ತು. ಧಣಿ ಹೋದ, ಮಕ್ಕಳು ಪಾಲು ಮಾಡಿಕೊಂಡರು. ಮಳೆಗಾಲ ಮುಗಿಯುತ್ತಲೇ ಮನೆ ಖಾಲಿ ಮಾಡಿರೆಂದು ಹೇಳಿ ಕಳಿಸಿದ್ದರು. ಹಕ್ಕುಪತ್ರ ಬಂದರೆ ಗುಡ್ಡವ್ವ ಉಳಿಯುತ್ತಾಳೆ, ಬರದಿದ್ದರೆ ಅರವತ್ತು ವರ್ಷದ ಮನೆಯ ಹೆಂಚು ಇಳಿಸಬೇಕು. ಅರ್ಜಿ ಬರೆಯುವಾಗ ನಾನು ಆ ಓಣಿಯನ್ನು ಮೊದಲು ಬರೆದೆ. ಮತ್ತೊಂದು ಕಾರಣವೂ ಇತ್ತು. ಊರು ಆಗಲು ಇಷ್ಟು ಮನೆ ಇರಬೇಕು ಎಂದು ನಿಯಮ. ಆ ಓಣಿ ಸೇರಿದರೆ ಸರಿಹೋಗುತ್ತಿತ್ತು, ಬಿಟ್ಟರೆ ಕಡಿಮೆ ಬೀಳುತ್ತಿತ್ತು.

ಇನ್ನು ನಮ್ಮ ವಾರದ ಮಾತು. ಮಳೆ ಹಿಡಿದ ಮೇಲೆ ವಸ್ತಿಯಲ್ಲಿ ಐದು ಮಂಗಳವಾರ ‘ವಾರ’ ಹಿಡಿಯುತ್ತೇವೆ. ಅವತ್ತು ಹೊಲದ ಕೆಲಸವಿಲ್ಲ, ಕೂಲಿಯಿಲ್ಲ, ರೊಟ್ಟಿ ಬಡಿಯುವ ಸದ್ದೂ ಇಲ್ಲ. ಎಲ್ಲರೂ ಮನೆಯಲ್ಲೇ ಇರುತ್ತಾರೆ. ಅದಕ್ಕೇ ಮೂಡಲಗಿಯ ಕಂದಾಯ ಸಾಹೇಬರಿಗೆ ನಾನು, ಸ್ಥಳ ನೋಡಲು ಮಂಗಳವಾರವೇ ಬನ್ನಿ ಎಂದು ಹೇಳಿದ್ದೆ. ಮೊದಲ ಮಂಗಳವಾರ ಬರುತ್ತೇನೆಂದರು, ಬರಲಿಲ್ಲ. ಎರಡನೆಯದಕ್ಕೆ ತಾಲೂಕಿಗೆ ಯಾರೋ ದೊಡ್ಡವರ ಸವಾರಿ ಬಂತು. ಆಮೇಲೆ ಅವರ ಗಾಡಿ ಕೆಟ್ಟಿತು, ಆಮೇಲೆ ಅವರ ಹಲ್ಲು ನೋಯಿತು. ಕೊನೆಗೆ ಫೋನು ಮಾಡಿ, ಈ ಮಂಗಳವಾರ ಖಂಡಿತ ಎಂದರು. ಅದು ಐದನೆಯ ಮಂಗಳವಾರ. ಹೊರಬೀಡು.

ಹೊರಬೀಡೆಂದರೆ ಅವತ್ತು ಹೊತ್ತು ಮೂಡುವ ಮುಂಚೆ ವಸ್ತಿ ಪೂರ್ತಿ ಖಾಲಿಯಾಗಬೇಕು. ಒಲೆ ಆರಿಸಿ, ಬಾಗಿಲಿಗೆ ಕೀಲಿ ಹಾಕಿ, ಕೀಲಿಗೆ ಬೇವಿನ ತಪ್ಪಲು ಸಿಕ್ಕಿಸಿ, ದನ ಕರು ಕೋಳಿ ಸಮೇತ ಹೊಲದಲ್ಲಿ ಬೀಡು ಬಿಡಬೇಕು. ಹಾಸಿಗೆ ಹಿಡಿದವರನ್ನು ಟ್ರ್ಯಾಕ್ಟರಿನಲ್ಲಿ ಹೊರಗೆ ತರುತ್ತೇವೆ. ನಾಯಿಗಳನ್ನು ಓಡಿಸುವುದಂತೂ ಗಂಡಸರಿಗೆ ಅರ್ಧ ರಾತ್ರಿಯ ಉದ್ಯೋಗ. ಖಾಲಿ ವಸ್ತಿಯಲ್ಲಿ ನಮ್ಮ ಊರದೇವಿ ಅವ್ವ ಒಬ್ಬಳೇ ತಿರುಗಾಡಿ ರೋಗ ರುಜಿನ ಗುಡಿಸಿಕೊಂಡು ಹೋಗುತ್ತಾಳೆ ಎಂದು ನಂಬಿಕೆ. ಇದನ್ನು ನಡೆಸುವವರು ನನ್ನ ಮಾವ ಸತ್ತೆಪ್ಪ. ವಸ್ತಿಯ ಸುತ್ತ ಸೀಮೆಯ ಕಲ್ಲುಗಳಿವೆ. ಅವತ್ತು ಅವರು ಪ್ರತಿ ಕಲ್ಲಿಗೂ ಸುಣ್ಣ ಬಳಿದು, ಭಂಡಾರ ಹಚ್ಚಿ, ಮಜ್ಜಿಗೆ ಎರೆಯುತ್ತಾರೆ. ಸಂಜೆ ಎಲ್ಲರೂ ಮೂಡಣ ಕಲ್ಲಿನ ಹತ್ತಿರ ಸೇರುತ್ತೇವೆ. ಮಾವ ವಸ್ತಿಯ ಕಡೆ ಮುಖ ಮಾಡಿ ಮೂರು ಸಲ, ‘ಒಳಗ ಯಾರರ ಅದೀರೇನು?’ ಎಂದು ಕೂಗುತ್ತಾರೆ. ಯಾರೂ ಓಗೊಡದಿದ್ದರೆ ಅವ್ವ ಹೋದಳು ಎಂದು ಅರ್ಥ, ಒಳಗೆ ಹೋಗುತ್ತೇವೆ. ಯಾರಾದರೂ ಓಗೊಟ್ಟರೆ ಏನು ಮಾಡಬೇಕು ಎಂದು ಹೊಸ ಸೊಸೆಯಾಗಿದ್ದಾಗ ಕೇಳಿದ್ದೆ. ‘ಯಾರೂ ಓಗೊಡೂದಿಲ್ಲ’ ಎಂದಿದ್ದರು.

ಗುಡ್ಡವ್ವನ ಓಣಿಯವರು ಹೊರಬೀಡಿಗೆ ಮನೆ ಬಿಡುವುದಿಲ್ಲ. ಆ ಮೂಡಣ ಕಲ್ಲು ಅವರ ಓಣಿಗೂ ನಮ್ಮ ವಸ್ತಿಗೂ ನಡುವೆ ಇದೆ. ಸಂಜೆ ಮಾವ ಕೂಗುವಾಗ ನಮ್ಮೆಲ್ಲರ ಬೆನ್ನು ಅವರ ಬಾಗಿಲಿಗೆ ಇರುತ್ತದೆ. ಮದುವೆಯಾಗಿ ಬಂದಾಗಿನಿಂದ ಇದನ್ನು ನಾನೂ ನೋಡಿ ಸುಮ್ಮನಿದ್ದೆ. ಎಲ್ಲರೂ ಹಾಗೇ ನಿಲ್ಲುತ್ತಿದ್ದರು, ನಾನೂ ನಿಂತೆ.

ಫೋನು ಬಂದ ದಿನ ಊಟಕ್ಕೆ ಬಡಿಸುತ್ತ ಮಾವನ ಹತ್ತಿರ ಮಾತು ತೆಗೆದೆ.

“ಮಾವಾರ, ಹೊರಬೀಡು ಒಂದ ವಾರ ಮುಂದ ಹಾಕಿದ್ರ ಏನಾಕ್ಕೈತ್ರಿ?”

“ಅವ್ವಗ ನೋಟೀಸ ಕೊಡಾಕಿ ಏನು ನೀ?” ಅವರು ತಟ್ಟೆಯಿಂದ ಮುಖ ಎತ್ತಲಿಲ್ಲ. “ಸಾಹೇಬಗ ಹೇಳು, ಬುಧವಾರ ಬಾ ಅಂತ.”

“ಅವರಿಗಿ ಬ್ಯಾರೆ ದಿನ ಇಲ್ಲಂತ್ರಿ. ಜನಗಣತಿ ಬರಾಕತ್ತೈತಿ. ಅದಕ್ಕಿಂತ ಮೊದ್ಲ ಊರೂರಿನ ಗಡಿ ಎಲ್ಲಾ ಗಟ್ಟಿ ಮಾಡಿಬಿಡ್ತಾರಂತ, ಆಮ್ಯಾಲ ಯಾರೂ ಮುಟ್ಟಂಗಿಲ್ಲ. ಈ ಸಲ ತಪ್ಪಿದ್ರ ಇನ್ನ ಯಾವ ಕಾಲಕ್ಕೋ.”

“ಊರು ಆಗಬೇಕಂತ ಊರಿನ ನಡಾವಳಿ ಬಿಡಾಕ ಬರೂದಿಲ್ಲ, ನಂದಾ.”

ಸಿಟ್ಟು ನೆತ್ತಿಗೇರಿತು. ಎಪ್ಪತ್ತು ದಾಟಿದ ಮನುಷ್ಯ, ಒಂದು ಮಾತಿಗೆ ನೆಟ್ಟಗೆ ನಿಂತರೆ ನೆಟ್ಟ ಕಲ್ಲೇ. ಬಾಳೇಶನನ್ನು ನೋಡಿದೆ. ಅವನು ಬದನೆಕಾಯಿ ಪಲ್ಯ ಬಹಳ ರುಚಿಯಾಗಿದೆ ಎಂದ.

ಮಂಗಳವಾರ ನಸುಕಿಗೇ ವಸ್ತಿ ಖಾಲಿಯಾಯಿತು. ನಾನೂ ಎಮ್ಮೆ ಹೊಡೆದುಕೊಂಡು ಹೊಲಕ್ಕೆ ಹೋದೆ. ಜೋಳದ ಬಾನ, ಹುಳಿ, ಕಡಬು ಎಲ್ಲ ಬೇವಿನ ಗಿಡದ ಬುಡದಲ್ಲೇ ಆಗುತ್ತಿತ್ತು. ಬಾಕಿ ವರ್ಷಗಳಲ್ಲಿ ನನಗೆ ಹೊರಬೀಡೆಂದರೆ ಇಷ್ಟ. ಮನೆಗೆಲಸವಿಲ್ಲದೆ ಹೆಂಗಸರೆಲ್ಲ ಒಂದು ಕಡೆ ಕೂಡುವ ದಿನ ಬೇರೆ ಯಾವುದಿದೆ? ಅವತ್ತು ಮಾತ್ರ ನನ್ನ ಕಣ್ಣೆಲ್ಲ ರಸ್ತೆಯ ಮೇಲೆ. ಹೊತ್ತು ಏರಿದ ಮೇಲೆ ಒಂದು ಬಿಳಿ ಜೀಪು ಬಂದು ಗುಡ್ಡವ್ವನ ಓಣಿಯ ಮುಂದೆ ನಿಂತಿತು. ನಾನು ಚಪ್ಪಲಿಯನ್ನೂ ಮೆಟ್ಟದೆ ಬದುವಿನ ಮೇಲೆ ಓಡಿದೆ.

ಇಳಿದವರು ಇಬ್ಬರು. ಕಂದಾಯ ಇಲಾಖೆಯ ಕಾಶಿನಾಥ ಸಾಹೇಬರು, ನೆಲ ಅಳೆದು ಮೋಜಣಿ ಮಾಡುವ ಸುಮನ ಎಂಬ ಹುಡುಗಿ. ನಾನು ತಲುಪುವಷ್ಟರಲ್ಲಿ ಸಾಹೇಬರು ಏನೂ ತಿಳಿಯದೆ ವಸ್ತಿಯೊಳಗೆ ಒಂದು ಸುತ್ತು ಹಾಕಿ ಬಂದಾಗಿತ್ತು. ಕೀಲಿ, ಬೇವಿನ ತಪ್ಪಲು, ಒಂದು ಕೋಳಿಯೂ ಇಲ್ಲದ ಬೀದಿ. ಆಮೇಲೆ ಬಿಸಿಲಿಗೆ ಸೋತು, ಬಾಗಿಲು ತೆರೆದಿದ್ದ ಒಂದೇ ಓಣಿಗೆ ಬಂದು ಗುಡ್ಡವ್ವನ ಕಟ್ಟೆಯ ಮೇಲೆ ಕೂತಿದ್ದರು. ದೀಪಾ ಸಕ್ಕರೆಯಿಲ್ಲದ ಚಹಾ ಕೊಡುತ್ತಿದ್ದಳು.

“ಬಾಯಾರ, ಮಂಗಳವಾರ ಎಲ್ಲಾರೂ ಮನ್ಯಾಗ ಇರ್ತಾರ ಅಂದಿದ್ರಿ,” ಸಾಹೇಬರು ಗಂಭೀರವಾಗಿಯೇ ಹೇಳಿದರು. “ಇಲ್ಲಿ ನೋಡಿದ್ರ ಒಂದ ನಾಯಿ ಬೊಗಳಾಕೂ ಇಲ್ಲಲ್ರಿ.”

ನಾನು ನಾಲ್ಕು ಮಂಗಳವಾರದ ಕಥೆಯನ್ನೆಲ್ಲ ಅವರಿಗೇ ಒಪ್ಪಿಸಿದೆ. ಹಲ್ಲುನೋವಿನವರೆಗೆ ಬಂದಾಗ ಅವರು ನಕ್ಕುಬಿಟ್ಟರು.

“ನಮ್ಮೂರಾಗೂ ಹೊರಬೀಡು ಇತ್ರಿ, ಈಗ ಬಿಟ್ಟಾರ. ಇರ್ಲಿ, ಕೀಲಿ ಹಾಕಿದ ಮನೀನೂ ಮನೀನ. ಅದನ್ನ ಬರಕೊಂಡೇನಿ. ಆದ್ರ ಊರಂದ್ರ ಅದಕ್ಕೊಂದು ಸೀಮಿ ಇರಬೇಕಲ್ರಿ. ಇಲ್ಲಿಂದ ಇಲ್ಲೀಮಟ ನಮ್ಮೂರು ಅಂತ ಯಾರರ ಹಿರ್ಯಾರು ನಡದು ತೋರಿಸಬೇಕು. ಕಬ್ಬಿನ್ಯಾಗ ನಾ ಎಲ್ಲಿ ಅಂತ ಹುಡುಕ್ಲಿ?”

ಆಗ ನನಗೆ ಬೆಳಿಗ್ಗೆಯ ಸುಣ್ಣದ ಕಲ್ಲುಗಳು ನೆನಪಾದವು. ಹೇಳಿದೆ. ಸಾಹೇಬರು ಚಹಾದ ಲೋಟ ಅಲ್ಲೇ ಇಟ್ಟು ಎದ್ದು ನಿಂತರು.

ಮಾವನಿಗೆ ವಿಷಯ ತಿಳಿಸಿದಾಗ ಅವರು ರುಮಾಲು ಬಿಚ್ಚಿ ಹೊಸದಾಗಿ ಸುತ್ತಿಕೊಂಡರು. ನಾನು ಹೆಮ್ಮೆಯಿಂದ ಬೀಗಿದೆ, ಸುಳ್ಳು ಹೇಳುವುದಿಲ್ಲ. ಯಾವ ನಡಾವಳಿ ನಮ್ಮನ್ನು ಮುಳುಗಿಸುತ್ತದೆ ಎಂದುಕೊಂಡಿದ್ದೆನೋ ಅದೇ ಕೈ ಹಿಡಿದಿತ್ತು. ಮಾವ ಮುಂದೆ, ಸಾಹೇಬರು ಹಿಂದೆ, ಅವರ ಹಿಂದೆ ಅಳತೆಯ ಕಂಬ ಹೊತ್ತ ಸುಮನ. ಕಲ್ಲಿನಿಂದ ಕಲ್ಲಿಗೆ ಹೊರಗಿನಿಂದಲೇ ನಡೆದರು. ಪ್ರತಿ ಕಲ್ಲಿಗೂ ಸುಮನ ಕಂಬ ನಿಲ್ಲಿಸುತ್ತಿದ್ದಳು, ಅದರ ತುದಿಯ ಯಂತ್ರ ಕುಯ್ ಎನ್ನುತ್ತಿತ್ತು. ಬೀಡಿನ ಜನವೆಲ್ಲ ಉಣ್ಣುವುದು ಬಿಟ್ಟು ಹಿಂದೆ ಬಂದರು. ಮಾವನ ನಡಿಗೆಯೇ ಬೇರೆಯಾಗಿತ್ತು.

“ಇಷ್ಟ ಚೊಕ್ಕ ಸೀಮಿ ತೋರಿಸಿದವರನ್ನ ನಾ ನೋಡಿಲ್ರಿ ಹಿರ್ಯಾರ,” ಎಂದರು ಸಾಹೇಬರು.

ಹೀಗೆ ಸುತ್ತಿ ಮೂಡಣ ಕಲ್ಲಿಗೆ ಬಂದೆವು. ಗುಡ್ಡವ್ವ ಕಟ್ಟೆಯ ಮೇಲೆ ಮೆಂತ್ಯೆ ಸೋಸುತ್ತ ಕೂತಿದ್ದಳು. ಪಕ್ಕದಲ್ಲಿ ಸಾಹೇಬರು ಕುಡಿದ ಲೋಟ ಇನ್ನೂ ಹಾಗೇ ಇತ್ತು. ಕಲ್ಲಿಗೆ ಹೊಸ ಸುಣ್ಣ, ಹಳದಿ ಭಂಡಾರ. ಈಚೆ ನಮ್ಮ ವಸ್ತಿ, ಆಚೆ ಆ ಓಣಿ.

ಸುಮನ ಕಂಬ ಊರಿ ಕೇಳಿದಳು, “ಇಲ್ಲೇ ಏನ್ರಿ?”

ಮಾವ ಹೂಂ ಎನ್ನಲು ಹೊರಟರು. ಅದು ಅರ್ಧಕ್ಕೇ ನಿಂತಿತು.

ಸಾಹೇಬರು ಕಲ್ಲು ನೋಡಿದರು, ಓಣಿ ನೋಡಿದರು, ತಮ್ಮ ಲೋಟವನ್ನೂ ನೋಡಿದರು. “ಈ ಮನಿಗೋಳು?”

“ಅರ್ಜ್ಯಾಗ ಅದಾವ್ರಿ ಸಾಹೇಬ್ರ,” ನಾನು ಬಾಯಿ ಹಾಕಿದೆ.

“ಅರ್ಜ್ಯಾಗ ಇರಬಹುದು ಬಾಯಾರ. ಊರು ಇಲ್ಲಿಗಿ ಮುಗೀತು ಅಂತ ಇವರ ಸೀಮಿ ಹೇಳಾಕತ್ತೈತಿ. ನಾ ಎರಡೂ ಹೆಂಗ ಬರೀಲಿ? ಒಂದ ಹೇಳ್ರಿ.”

ಈ ಕಲ್ಲನ್ನು ನಾವೆಲ್ಲ ಹುಟ್ಟಿದಾಗಿನಿಂದ, ಮದುವೆಯಾದಾಗಿನಿಂದ ನೋಡಿದ್ದೇವೆ, ಪೂಜಿಸಿದ್ದೇವೆ. ಅದು ಯಾರನ್ನು ಎಲ್ಲಿ ನಿಲ್ಲಿಸಿದೆ ಎಂದು ಹೊರಗಿನವನೊಬ್ಬ ಕೇಳಿದಾಗಲೇ ನಮಗೆ ನಾಚಿಕೆಯಾಗಬೇಕೆ? ನನ್ನ ಮೇಲೇ ನನಗೆ ಸಿಟ್ಟು ಬಂತು. ಬಾಳೇಶ ಮುಂದೆ ಬಂದು ಅಪ್ಪನ ಕಿವಿಯಲ್ಲಿ ಹೇಳಿದ, ಆದರೆ ಅವನ ಪಿಸುಮಾತು ಹೊಲದಾಚೆಗೂ ಕೇಳಿಸುತ್ತದೆ.

“ಅಪ್ಪಾ, ಈ ಓಣಿ ಬಿಟ್ರ ಮನಿ ಕಡಿಮಿ ಬೀಳ್ತಾವು. ಲೆಕ್ಕಕ್ಕರ ತಗೋಬೇಕು.”

ಗುಡ್ಡವ್ವ ಮೆಂತ್ಯೆಯ ಬುಟ್ಟಿ ಬದಿಗಿಟ್ಟಳು.

“ಲೆಕ್ಕಕ್ಕ ಅಂದ್ರ ಬ್ಯಾಡ ಬಾಳೇಶಾ,” ಎಂದಳು. ದನಿ ಏರಿಸಲಿಲ್ಲ. ಆಮೇಲೆ ಮಾವನ ಕಡೆ ತಿರುಗಿದಳು. “ಸತ್ತೆಪ್ಪಣ್ಣಾರ, ನಾ ಈ ಓಣಿಗಿ ಲಗ್ನಾಗಿ ಬಂದ ವರ್ಸ ನಿಮ್ಮ ಅವ್ವಾರನ್ನ ಕೇಳಿದ್ನಿ, ಹೊರಬೀಡಿಗಿ ನಾವೂ ಹೊರಗ ಬರಬೇಕೇನ್ರಿ ಅಂತ. ‘ನಿಮಗ್ಯಾಕ ಅದು, ನೀವು ಹೊರಗ ಅದೀರಲ್ಲ’ ಅಂದ್ರು. ಒಂದ ದಿನದ ತ್ರಾಸ ತಪ್ಪಿತಂತ ನನಗ ಅವತ್ತ ಖುಷಿ ಆಗಿತ್ತು. ಸಣ್ಣಾಕಿ ಇದ್ನಿ. ತಿಳ್ಯಾಕ ಸ್ವಲ್ಪ ದಿನ ಹಿಡೀತು.”

ಮಾವ ಕೋಲಿನ ಮೇಲೆ ಎರಡೂ ಕೈ ಇಟ್ಟು ನಿಂತಿದ್ದರು.

“ಇವತ್ತ ಸಾಹೇಬರಿಗಿ ಕುಂದ್ರಾಕ ನೆರಳು ಸಿಕ್ಕಿದ್ದು ನಮ್ಮ ಕಟ್ಟಿ ಮ್ಯಾಲ. ನೀವ ಹೇಳ್ರಿ, ಅವರು ಯಾವ ಊರಾಗ ಚಾ ಕುಡದ್ರು?”

ಸಾಹೇಬರು ಅವಸರ ಮಾಡಲಿಲ್ಲ, ಅದಕ್ಕೆ ನಾನು ಅವರಿಗೆ ಋಣಿ. ಕೊನೆಗೆ ಮಾವ ಹೇಳಿದರು.

“ಕಲ್ಲು ಆಚೀಕ ಸರಸಿದ್ರ, ಮುಂದಿನ ವರ್ಸದಿಂದ ನೀವೂ ಹೊರಬೀಡಿಗಿ ಮನಿ ಬಿಡಬೇಕಾಕ್ಕೈತಿ, ಗುಡ್ಡವ್ವ.”

“ಬಿಡೂದಿಲ್ರಿ. ನಮಗ ಆ ನಡಾವಳಿ ಇಲ್ಲ. ನಮ್ಮ ಒಲಿ ಹೊತ್ತಿರತೈತಿ, ಬಾಗಲಾ ತಗದಿರತೈತಿ.”

“ಹಂಗಾರ ವಸ್ತಿ ಬರಿದ ಆಗೂದಿಲ್ಲ.”

“ಆಗೂದಿಲ್ರಿ.”

ಮಾವನಿಗೆ ಆ ಮಾತು ಎಷ್ಟು ಭಾರ ಎಂದು ನನಗೆ ಗೊತ್ತಿತ್ತು. ಹೊರಬೀಡಿನ ಹಿಂದಿನ ದಿನ ಅವರು ಉಪವಾಸ ಇರುತ್ತಾರೆ. ಒಳಗೊಂದು ಬೆಕ್ಕು ಉಳಿದರೂ ಸುಮ್ಮನಿರದ ಮನುಷ್ಯ. ಒಮ್ಮೆ ಬಾಣಂತಿ ನಾದಿನಿಯನ್ನು ಮಂಚದ ಸಮೇತ ಹೊರಗೆ ಹೊರಿಸಿದ್ದರು. ಊರು ಪೂರ್ತಿ ಖಾಲಿಯಾಗುವುದೇ ಅವರಿಗೆ ಆ ದಿನದ ಪೂಜೆ. ಅದು ಇನ್ನು ಮುಂದೆ ಆಗುವುದಿಲ್ಲ ಎಂದು ಒಬ್ಬ ಹೆಂಗಸು ಮುಖಕ್ಕೆ ಹೇಳಿ ನಿಂತಿದ್ದಳು, ಅದೂ ಸರಿಯಾಗಿಯೇ ಹೇಳಿದ್ದಳು. ಅವರು ಸಿಟ್ಟಾಗಿ ನಡೆದುಬಿಡುತ್ತಾರೆ ಎಂದು ನಾನು ಹೆದರಿದೆ. ಹೋದರೆ ಮಳೆಗಾಲ ಮುಗಿದ ಮೇಲೆ ಈ ಓಣಿಯ ಹೆಂಚು ಇಳಿಯುತ್ತದೆ.

ಮಾವ ಒಂದು ಸಲ ಖಾಲಿ ವಸ್ತಿಯ ಕಡೆ ನೋಡಿದರು. ಆಮೇಲೆ ಕೋಲು ನನ್ನ ಕೈಗೆ ಕೊಟ್ಟರು.

“ಹಾರಿ ತರ್ರಿ,” ಎಂದರು.

ಗಂಡಸರೆಲ್ಲ ಮುಖ ಮುಖ ನೋಡಿಕೊಂಡರು. ವಸ್ತಿಯ ಹಾರೆ, ಗುದ್ದಲಿ, ಸಲಿಕೆ ಎಲ್ಲ ಕೀಲಿ ಹಾಕಿದ ಮನೆಗಳಲ್ಲಿದ್ದವು. ಹೊತ್ತು ಮುಳುಗುವ ತನಕ ಯಾರೂ ಒಳಗೆ ಕಾಲಿಡುವ ಹಾಗಿಲ್ಲ. ಗುಡ್ಡವ್ವ ಎದ್ದು ಒಳಗೆ ಹೋದಳು. ನುಗ್ಗಿಗಿಡ ನೆಡಲು ಇಟ್ಟುಕೊಂಡಿದ್ದ ಹಾರೆ ಹಿಡಿದು ಹೊರಗೆ ಬಂದಳು. ಬಾಳೇಶ ಕೈ ಚಾಚಿದ. ಆಕೆ ಅವನಿಗೆ ಕೊಡಲಿಲ್ಲ, ನೆಟ್ಟಗೆ ಬಂದು ಮಾವನ ಕೈಗೇ ಕೊಟ್ಟಳು.

ಕಲ್ಲು ಆಳಕ್ಕೆ ಹೂತಿತ್ತು. ಮಾವ ಎರಡು ಪೆಟ್ಟು ಹಾಕಿ ದಣಿದರು. ಆಮೇಲೆ ಬಾಳೇಶ, ಆಮೇಲೆ ಓಣಿಯ ಇಬ್ಬರು, ಆಮೇಲೆ ನಮ್ಮ ಕಡೆಯವರು ಒಬ್ಬೊಬ್ಬರಾಗಿ ಬಂದರು. ಎಲ್ಲರೂ ಬಂದರು ಎಂದರೆ ಸುಳ್ಳಾಗುತ್ತದೆ. ಕೆಲವರು ಮುಖ ಸೊಟ್ಟ ಮಾಡಿಕೊಂಡು ಬೀಡಿಗೆ ವಾಪಸು ಹೋದರು. ಕೆಂಪವ್ವ ಎಂಬ ನಮ್ಮ ದೊಡ್ಡತ್ತೆ ಅಲ್ಲೇ ನಿಂತು ಗೊಣಗಿದರು.

“ಅವ್ವ ಸಿಟ್ಟಾದ್ರ ಯಾರು ಹೊಣಿ?”

ಮಾವ ಬೆವರು ಒರೆಸಿಕೊಳ್ಳುತ್ತ ಹೇಳಿದರು, “ಇಷ್ಟ ವರ್ಸ ಇಡೀ ವಸ್ತಿ ತಿರಗ್ಯಾಳ. ಇನ್ನೊಂದ ಓಣಿ ತಿರಗಾಕ ಆಕಿಗೇನ ಕಾಲು ನೋಯ್ತಾವೇನ?”

ಕಲ್ಲನ್ನು ಓಣಿಯ ಆಚೆ, ರಸ್ತೆ ಹತ್ತಿರದ ಜಾಲಿಗಿಡದ ಪಕ್ಕ ನೆಟ್ಟರು. ಸುಮನ ಅಲ್ಲಿ ಕಂಬ ಊರಿದಳು. ಯಂತ್ರ ಕುಯ್ ಎಂದಿತು, ಬೇರೆ ಕಲ್ಲುಗಳಿಗೆ ಅಂದ ಹಾಗೇ.

“ನಾ ನೋಡಿದ್ದನ್ನ ಬರದು ಮ್ಯಾಲ ಕಳಸ್ತೀನ್ರಿ,” ಎಂದರು ಸಾಹೇಬರು ಜೀಪು ಹತ್ತುತ್ತ. “ಆಕ್ಕೈತಿ ಅಂತ ಮಾತ ಕೊಡಾಕ ನನಗ ಅಧಿಕಾರ ಇಲ್ಲ. ಆದ್ರ ಈ ಓಣಿ ಸೀಮಿ ಒಳಗ ಐತಿ ಅಂತ ಬರ್ಯಾಕ ಐತಿ, ಬರದೇನಿ.”

ಸಂಜೆ ಎಲ್ಲರೂ ದನ ಕರು ಗಂಟು ಮೂಟೆ ಹೊತ್ತು ಕಲ್ಲಿನ ಹತ್ತಿರ ಸೇರಿದೆವು. ಹೊಸ ಜಾಗ, ಮಣ್ಣಿನ್ನೂ ಹಸಿ. ಮಧ್ಯಾಹ್ನ ಮುಖ ಸೊಟ್ಟ ಮಾಡಿದವರೂ ಬಂದರು, ಮನೆಗೆ ಹೋಗಬೇಕಲ್ಲ. ಹೊತ್ತು ಮುಳುಗಿತು. ಮಾವ ವಸ್ತಿಗೆ ಮುಖ ಮಾಡಿ ನಿಂತರು. ಈ ಸಲ ಎದುರಿಗೆ ಮೊದಲು ಕಂಡದ್ದು ಗುಡ್ಡವ್ವನ ಓಣಿ. ಒಲೆಯ ಹೊಗೆ ಏಳುತ್ತಿತ್ತು, ದೀಪ ಹಚ್ಚಿದ್ದರು.

ಮಾವ ಕೂಗಿದರು, “ಒಳಗ ಯಾರರ ಅದೀರೇನು?”

ಯಾರೂ ಓಗೊಡಲಿಲ್ಲ. ಎರಡನೆಯ ಸಲ ಕೂಗಿದರು. ಎಮ್ಮೆಗಳು ಕೊಟ್ಟಿಗೆಯ ಕಡೆ ಹಗ್ಗ ಜಗ್ಗುತ್ತಿದ್ದವು.

ಮೂರನೆಯ ಸಲ ಕೂಗಿದರು. ಗುಡ್ಡವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು.

“ಅದೀವ್ರಿ,” ಎಂದಳು. “ಬರ್ರಿ.”

ಮಾವ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, “ಬಂದ್ವಿ” ಎಂದು ಕಲ್ಲು ದಾಟಿದರು.